ಒತ್ತು ಬೀಳಬೇಕಾದದ್ದು ಎಲ್ಲಿ?

ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ವಚನ ಓದುವಾಗ ದನಿ ಎಲ್ಲಿ ಏರಬೇಕು, ಎಲ್ಲಿ ತಂಗಬೇಕು ಎಂಬುದನ್ನು ಅರ್ಥವೇ ನಿರ್ಧರಿಸುತ್ತದೆ. ಈ ವಿವೇಕ ನಮ್ಮ ಇಂಗ್ಲಿಷ್ ತರಗತಿಗಳನ್ನು ಏಕೆ ತಲುಪಲಿಲ್ಲ ಎಂಬುದೇ ನನ್ನ ಪ್ರಶ್ನೆ.

ಮಕ್ಕಳು ಇಂಗ್ಲಿಷನ್ನು ಏಕದನಿಯಲ್ಲಿ ಒಪ್ಪಿಸುವುದು ದಡ್ಡತನದಿಂದಲ್ಲ. ಕನ್ನಡದ ಲಯ ಲಘು-ಗುರುಗಳ ಮಾತ್ರೆಯದು. ಪ್ರತಿ ಅಕ್ಷರಕ್ಕೂ ಅದರ ಪಾಲು ಸಲ್ಲುತ್ತದೆ. ಇಂಗ್ಲಿಷಿನಲ್ಲಾದರೋ ಒತ್ತು ಬಿದ್ದ ಅಕ್ಷರ ಮೆರೆಯುತ್ತದೆ, ಉಳಿದವು ಕುಗ್ಗುತ್ತವೆ. 'ಫೋಟೊಗ್ರಾಫ್'ನಲ್ಲಿ ಮೊದಲ ಅಕ್ಷರಕ್ಕಿರುವ ಒತ್ತು 'ಫೊಟಾಗ್ರಫಿ'ಯಲ್ಲಿ ಎರಡನೆಯದಕ್ಕೆ ಜಾರುತ್ತದೆ.

ರಾಜ್ಯದ ಸರ್ಕಾರಿ ಶಾಲೆಗಳ ಒಂದನೇ ತರಗತಿಗೆ 2007ರಲ್ಲಿ ಇಂಗ್ಲಿಷ್ ಬಂತು. ಅಕ್ಷರ ಬಂತು, ಲಯ ಬರಲಿಲ್ಲ. ಬರವಣಿಗೆಯ ಪರೀಕ್ಷೆ ದನಿಯನ್ನು ಅಳೆಯಲಾರದು. ಪರೀಕ್ಷೆ ಕೇಳದ್ದನ್ನು ತರಗತಿ ಕಲಿಸದು. ಆದರೆ ಉದ್ಯೋಗದ ಸಂದರ್ಶನದಲ್ಲಿ ಹಳ್ಳಿಯ ಅಭ್ಯರ್ಥಿಯನ್ನು ಮೊದಲು ತೂಗುವುದು ಅವನ ತಿಳಿವಳಿಕೆಯನ್ನಲ್ಲ, ದನಿಯನ್ನು.

ಲಂಡನ್ನಿನ ಉಚ್ಚಾರಣೆಯ ಅನುಕರಣೆ ನಮಗೆ ಬೇಡ. ಕೇಳುವವರಿಗೆ ಅರ್ಥವಾಗುವಷ್ಟು ಒತ್ತು, ಏರಿಳಿತ, ವಿರಾಮ ಸಾಕು. ಚಪ್ಪಾಳೆ ತಟ್ಟಿ ಪದ್ಯ ಹೇಳಿಸುವ ಮೇಷ್ಟರಿಗೆ ಇದನ್ನು ಕಲಿಸುವುದು ಅಸಾಧ್ಯವೇನಲ್ಲ. ಅದಕ್ಕೂ ಮುನ್ನ ಅವರಿಗೆ ಕಲಿಯುವ ಅವಕಾಶವಿರಬೇಕು. ಶಿಕ್ಷಕರ ತರಬೇತಿಯಲ್ಲಿ ಕಿವಿಗೂ ಪಾಠವಿರಲಿ. ಸರ್ಕಾರದ ಒತ್ತು ಅಲ್ಲಿ ಬೀಳಲಿ.