ಹಿಮ್ಮಡಿಯ ಹುರಿ



ಕಳೆದ ಕಾರ್ತಿಕ ಮಾಸದಲ್ಲಿ ನಮಗೆ ಬಹುಕಾಲದ ಪರಿಚಯವುಳ್ಳ ಗೃಹಸ್ಥರೊಬ್ಬರು ಪತ್ನಿ ಹಾಗೂ ಮಗನೊಡನೆ ನಮ್ಮಲ್ಲಿಗೆ ಬಂದಿದ್ದರು. ಮಗನಿಗೆ 22 ವರ್ಷ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ 1600 ಮೀಟರ್ ಓಟಕ್ಕೆ ಸಿದ್ಧನಾಗುತ್ತಿದ್ದ ಹುಡುಗ. ನಾಲ್ಕು ವರ್ಷ ಪುಸ್ತಕದ ಮುಂದೆ ಕುಳಿತಿದ್ದವನು ಅರ್ಜಿ ಹಾಕಿದ ಮರುದಿನದಿಂದಲೇ ಬೆಳಗು ಬೈಗು ಎರಡು ಹೊತ್ತು ಡಾಂಬರು ರಸ್ತೆಯ ಮೇಲೆ ಓಡತೊಡಗಿದ್ದನಂತೆ. ಐದನೆಯ ವಾರಕ್ಕೆ ಹಿಮ್ಮಡಿಯ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿ ನೋವು ಕಾಣಿಸಿಕೊಂಡಿತು. ಬೆಳಗ್ಗೆ ಹಾಸಿಗೆಯಿಂದ ಎದ್ದರೆ ಹೆಜ್ಜೆ ಊರಲಾಗದಷ್ಟು ಬಿಗಿತ. "ನರಾ ಹಿಡದೈತ್ರೀ ಗುರುಗಳ, ತಿಕ್ಕಿದ್ರ ಹೋಗತೈತಿ ಅಂತಾರ" ಎಂದು ತಾಯಿ ಹೇಳಿದರು. ಓಟದ ಮುಂಚೆ ನೋವಿನ ಜಾಗಕ್ಕೆ ಒಂದು ಸ್ಟೀರಾಯ್ಡ್ ಸೂಜಿ ಹಾಕಿಸಿಕೊಂಡರೆ ಎಲ್ಲವೂ ಸರಿಹೋಗುತ್ತದೆಂದು ಹುಡುಗನಿಗೆ ಯಾರೋ ಭರವಸೆ ಕೊಟ್ಟಿದ್ದರು. ಹಾಕಿಸಿಕೊಳ್ಳಬಹುದೇ ಎಂಬುದು ಅವರು ತಂದ ಪ್ರಶ್ನೆ.

ನಾವು ವೈದ್ಯರಲ್ಲ, ಮಠದ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ ಓದಿದವರು. ಅರಿಯದ ವಿಷಯದಲ್ಲಿ ತೀರ್ಪು ಕೊಡುವ ಚಪಲ ನಮಗಿಲ್ಲ. ಆದರೆ ಆ ಹುಡುಗನ ಮುಖ ನೋಡಿ ಸುಮ್ಮನಿರಲೂ ಆಗಲಿಲ್ಲ. ನಮ್ಮಲ್ಲಿ ಓದಿ ಈಗ ಮೂಳೆತಜ್ಞರಾಗಿರುವ ಶಿಷ್ಯರೊಬ್ಬರ ಬಳಿಗೆ ಅವನನ್ನು ಕಳುಹಿಸಿದೆವು. ಜೊತೆಗೆ ಅವರಿಂದ ಈ ವಿಷಯದ ಸಂಶೋಧನ ಲೇಖನಗಳನ್ನು ತರಿಸಿಕೊಂಡು, ತಿಳಿಯದ ಕಡೆ ಅರ್ಥ ಹೇಳಿಸಿಕೊಂಡು ಓದಿದೆವು. ಮನೆಯಲ್ಲಿ ಓಡುವ, ಆಡುವ ಮಕ್ಕಳಿರುವವರಿಗೆಲ್ಲ ಇದು ಬೇಕಾದ ವಿಷಯವೆಂದು ತೋರಿದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಬೇಕು. ತಾಯಿ 'ನರ' ಎಂದದ್ದು ನರವಲ್ಲ. ಅದು ಮೀನಖಂಡದ ಮಾಂಸವನ್ನು ಹಿಮ್ಮಡಿಯ ಮೂಳೆಗೆ ಬಿಗಿದಿರುವ ಹುರಿ. ಇಂದಿನ ಕನ್ನಡದಲ್ಲಿ ಇದನ್ನು ಸ್ನಾಯುರಜ್ಜು ಎನ್ನುತ್ತಾರೆ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಪೇಶಿ 500, ಸ್ನಾಯು 900, ಕಂಡರ 16 ಎಂಬ ಎಣಿಕೆಯಿದೆ. ಅಲ್ಲಿ ಮಾಂಸಖಂಡಕ್ಕೆ ಪೇಶಿಯೆಂದು ಹೆಸರು, ಸ್ನಾಯುವೆಂದರೆ ಕಟ್ಟುವ ತಂತು. ನಾವು ಕನ್ನಡಿಗರು ಮಾಂಸಖಂಡವನ್ನೇ ಸ್ನಾಯುವೆಂದು ಕರೆದು, ಅದರ ಹಗ್ಗಕ್ಕೆ ಬೇರೊಂದು ಹೆಸರು ಕಟ್ಟಬೇಕಾಯಿತು. ದಪ್ಪ ಹುರಿಗಳಾದ ಕಂಡರಗಳು ಕಾಲು, ಕೈ, ಕುತ್ತಿಗೆ, ಬೆನ್ನುಗಳಲ್ಲಿ ನಾಲ್ಕು ನಾಲ್ಕರಂತೆ ಇವೆಯೆಂದು ಸುಶ್ರುತನ ಮತ. ಪಾಶ್ಚಾತ್ಯರು ಹಿಮ್ಮಡಿಯ ಹುರಿಗೆ ಅಕಿಲೀಸ್ ಎಂಬ ಗ್ರೀಕ್ ವೀರನ ಹೆಸರಿಟ್ಟಿದ್ದಾರೆ. ಮೈಯೆಲ್ಲ ಅಭೇದ್ಯವಾಗಿದ್ದು ಹಿಮ್ಮಡಿಯೊಂದು ಮಾತ್ರ ಉಳಿದುಹೋದ ವೀರ. ದುರ್ಯೋಧನನ ತೊಡೆಯ ಕಥೆ ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ.

ಆದರೆ ಈ ಹುರಿಯನ್ನು ದುರ್ಬಲವೆನ್ನುವುದು ಅನ್ಯಾಯ. ದೇಹದ ಹುರಿಗಳಲ್ಲೆಲ್ಲ ಇದೇ ಬಲಿಷ್ಠವಾದುದು. ಓಡುವಾಗ ದೇಹದ ತೂಕದ 6ರಿಂದ 8 ಪಟ್ಟು ಸೆಳೆತವನ್ನು ಪ್ರತಿ ಹೆಜ್ಜೆಯಲ್ಲೂ ತಾಳಿ, ಸ್ಪ್ರಿಂಗಿನಂತೆ ಹಿಗ್ಗಿ, ಆ ಶಕ್ತಿಯನ್ನು ಮರಳಿ ಹೆಜ್ಜೆಗೇ ಕೊಡುತ್ತದೆ. ಕೊಲಾಜನ್ ಎಂಬ ಸಸಾರಜನಕದ ಎಳೆಗಳು ಕಟ್ಟುಕಟ್ಟಾಗಿ ಸೇರಿ ಇದು ಆಗಿದೆ. ಜೀವಕೋಶಗಳು ವಿರಳ, ರಕ್ತಸಂಚಾರವೂ ಅಲ್ಪ. ಬಲದ ಜೊತೆಗೆ ಬಂದ ತೊಡಕು ಇದೇ: ಮಾಂಸಖಂಡ ಕೆಲವು ವಾರಗಳಲ್ಲಿ ಬಲಿಯುತ್ತದೆ, ಹುರಿಗೆ ತಿಂಗಳುಗಳೇ ಬೇಕು. ಉಸಿರು ಕೂಡಿತು, ಕಾಲಿಗೆ ಕಸುವು ಬಂದಿತು ಎಂದು ಹುಡುಗ ಹಿಗ್ಗುವ ಹೊತ್ತಿಗೆ ಹುರಿ ಇನ್ನೂ ಹಿಂದೆಯೇ ಉಳಿದಿರುತ್ತದೆ.

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಶೋಧವೊಂದು ನಮ್ಮನ್ನು ಬೆರಗುಗೊಳಿಸಿತು. 1950ರ ಮತ್ತು 60ರ ದಶಕಗಳಲ್ಲಿ ರಾಷ್ಟ್ರಗಳು ಬಯಲಿನಲ್ಲಿ ಪರಮಾಣು ಬಾಂಬುಗಳನ್ನು ಸಿಡಿಸಿ ಪರೀಕ್ಷಿಸಿದಾಗ ವಾತಾವರಣದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಹೆಚ್ಚಿತು. 1963ರ ಒಪ್ಪಂದದ ಬಳಿಕ ಮೆಲ್ಲಮೆಲ್ಲನೆ ಇಳಿಯಿತು. ಅದು ಬೆಳೆಯ ಮೂಲಕ ಆಹಾರಕ್ಕೆ, ಆಹಾರದ ಮೂಲಕ ದೇಹಕ್ಕೆ ಸೇರಿತು. ಆದುದರಿಂದ ದೇಹದ ಯಾವ ಭಾಗ ಯಾವ ವರ್ಷ ಕಟ್ಟಲ್ಪಟ್ಟಿತೆಂಬುದನ್ನು ಅದರೊಳಗಿನ ಈ ಇಂಗಾಲದ ಪ್ರಮಾಣದಿಂದ ಎಣಿಸಬಹುದು. ಹೀಗೆ ಅಳೆದು ನೋಡಿದಾಗ ಮಾಂಸಖಂಡ ಹೊಸತಾಗುತ್ತಲೇ ಇತ್ತು. ಹಿಮ್ಮಡಿಯ ಹುರಿಯ ತಿರುಳು ಮಾತ್ರ ಸುಮಾರು 17 ವರ್ಷದೊಳಗೆ ಕಟ್ಟಿ ಮುಗಿದು, ಆಮೇಲೆ ಬಹುಮಟ್ಟಿಗೆ ಬದಲಾಗದೆ ಉಳಿದಿತ್ತು. ಅರವತ್ತು ದಾಟಿದ ನಾವು ಇಂದು ನಡೆಯುತ್ತಿರುವುದು ಹದಿನೇಳರ ಹುಡುಗ ಕೊಟ್ಟುಹೋದ ಹುರಿಯ ಮೇಲೆ! ಮನುಷ್ಯಕುಲದ ಒಂದು ದುಷ್ಕೃತ್ಯದ ಬೂದಿಯಿಂದ ಇಂಥ ತಿಳಿವು ದೊರೆತುದೂ ವಿಚಿತ್ರವೇ.

ಹಾಗಾದರೆ ಗಾಯಕ್ಕೆ ಕಾರಣವೇನು? ಓಟವೇ ಕಾರಣವೆಂದು ಮನೆಯ ಹಿರಿಯರು ತಟ್ಟನೆ ಹೇಳುತ್ತಾರೆ. ಅದು ಅರ್ಧ ಸತ್ಯ. ಅಮೆರಿಕದಲ್ಲಿ 2011ರ ಮಾರ್ಚಿಯಿಂದ ಜುಲೈವರೆಗೆ ವೃತ್ತಿಪರ ಫುಟ್‌ಬಾಲ್ ತಂಡಗಳ ಮಾಲೀಕರಿಗೂ ಆಟಗಾರರಿಗೂ ವ್ಯಾಜ್ಯವುಂಟಾಗಿ ಬಾಗಿಲು ಮುಚ್ಚಿತ್ತು; ಆಟಗಾರರು ತಂಡದ ತರಬೇತುದಾರರ ಕೈತಪ್ಪಿ ಉಳಿದರು. ವ್ಯಾಜ್ಯ ಮುಗಿದು ಶಿಬಿರಗಳು ಆರಂಭವಾದ ಮೊದಲ 12 ದಿನಗಳಲ್ಲಿಯೇ 10 ಮಂದಿಯ ಹಿಮ್ಮಡಿಯ ಹುರಿ ಹರಿಯಿತು. ಮುಂದಿನ 17 ದಿನಗಳಲ್ಲಿ ಇನ್ನಿಬ್ಬರದು. ಅವರ ದೇಹಬಲಕ್ಕೆ ಕೊರತೆಯಿರಲಿಲ್ಲ. ಬಿಡುವಿನಿಂದ ನೇರವಾಗಿ ಭಾರಕ್ಕೆ ಹಾರಿದುದೇ ಮುಳುವಾಯಿತೆಂದು ಈ ಪ್ರಕರಣವನ್ನು ಪರಿಶೀಲಿಸಿದವರು ಶಂಕಿಸಿದ್ದಾರೆ.

ಒಂದೇ ಬಗೆಯ ಸೆಳೆತ ದಿನದಿನವೂ ಮರುಕಳಿಸುವುದು ಮತ್ತೊಂದು ಕಾರಣ. ನಾರ್ವೆಯಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೇಲ್ಮಟ್ಟದ ವಾಲಿಬಾಲ್ ಆಟಗಾರರಲ್ಲಿ ಶೇ. 45ರಷ್ಟು, ಬಾಸ್ಕೆಟ್‌ಬಾಲ್ ಆಟಗಾರರಲ್ಲಿ ಶೇ. 32ರಷ್ಟು ಮಂದಿಗೆ ಮಂಡಿಚಿಪ್ಪಿನ ಕೆಳಗಣ ಹುರಿಯಲ್ಲಿ ನೋವಿತ್ತು. ಸೈಕಲ್ ಸ್ಪರ್ಧಿಗಳಲ್ಲಿ ಒಬ್ಬರಿಗೂ ಇರಲಿಲ್ಲ. ನೆಗೆತದ ಆಟಗಳ ತೆರಿಗೆ ಇದು. ವೇಗದ ಬೌಲರನಿಗೆ ಇದೇ ಆಪತ್ತು ಭುಜದಲ್ಲಿ. ಮೈಸೂರಿನ ಜಾವಗಲ್ ಶ್ರೀನಾಥರು 1997ರಲ್ಲಿ ಭುಜದ ಹುರಿಗಳ ಗಾಯದಿಂದ ತಿಂಗಳುಗಟ್ಟಲೆ ಆಟ ಬಿಡಬೇಕಾಗಿ ಬಂದುದು ಹಲವರಿಗೆ ನೆನಪಿರಬಹುದು.

ಇನ್ನು 'ಉರಿಯೂತ' ಎಂಬ ಮಾತು. ಹುರಿ ನೊಂದರೆ ಬಾವು ಬಂದಿದೆ, ಬಾವು ಇಳಿಸಿದರೆ ಗುಣವಾಯಿತು ಎಂಬುದು ಬಹುಕಾಲದ ನಂಬಿಕೆ. ಸ್ವೀಡನ್ ದೇಶದ ಉಮಿಯೋ ನಗರದ ಹೋಕನ್ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು ನೋಯುವ ಹುರಿಯೊಳಗೆ ಸೂಕ್ಷ್ಮ ನಳಿಕೆಯಿಳಿಸಿ 1999ರಲ್ಲಿ ಪರೀಕ್ಷಿಸಿದಾಗ, ಬಾವಿಗೆ ಕಾರಣವಾಗುವ ರಸಾಯನಿಕ ಅಲ್ಲಿ ಹೆಚ್ಚಾಗಿರಲೇ ಇಲ್ಲ. ಎಳೆಗಳು ಕ್ರಮ ತಪ್ಪಿ ಸಡಿಲಾಗಿರುವುದೇ ದೀರ್ಘಕಾಲದ ನೋವಿನಲ್ಲಿ ಮುಖ್ಯವಾದ ದೋಷವೆಂಬ ತಿಳಿವಳಿಕೆ ಆ ಬಳಿಕ ಬೆಳೆಯಿತು. ಬಾವಿನ ಪಾತ್ರ ಸ್ವಲ್ಪವಾದರೂ ಉಂಟೆಂದು ವಾದಿಸುವವರು ಈಗಲೂ ಇದ್ದಾರೆ. ಆದರೆ ಬಾವು ಇಳಿಸುವುದೇ ಚಿಕಿತ್ಸೆಯೆಂಬ ಮಾತು ನಿಲ್ಲಲಿಲ್ಲ.

ಇದೇ ಆಲ್ಫ್ರೆಡ್‌ಸನ್ನರ ಕಥೆ ಸ್ವಾರಸ್ಯವಾಗಿದೆ. ಶಸ್ತ್ರವೈದ್ಯರಾದ ಅವರಿಗೇ ಹಿಮ್ಮಡಿಯ ನೋವಿತ್ತು. ಶಸ್ತ್ರಚಿಕಿತ್ಸೆ ಮಾಡಿರೆಂದರೆ ಮೇಲಿನವರು ಒಪ್ಪಲಿಲ್ಲ. ಹುರಿ ಹರಿದರೆ ಒಪ್ಪಲೇಬೇಕಲ್ಲವೇ ಎಂದು, ಹರಿಯಲೆಂದೇ ಅದರ ಮೇಲೆ ಭಾರ ಹಾಕತೊಡಗಿದರಂತೆ. ಹುರಿ ಹರಿಯಲಿಲ್ಲ, ನೋವು ಹೋಯಿತು! ಬಳಿಕ ಓಟದ ಹವ್ಯಾಸವುಳ್ಳ 15 ಮಂದಿ ರೋಗಿಗಳಿಗೆ ಅದೇ ವ್ಯಾಯಾಮ ಮಾಡಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. 12 ವಾರಗಳಲ್ಲಿ ಹದಿನೈದು ಮಂದಿಯೂ ಓಟಕ್ಕೆ ಮರಳಿದ್ದರು. ವಿಧಾನ ಸರಳ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು, ಒಳ್ಳೆಯ ಕಾಲಿನಿಂದ ಮೇಲೆದ್ದು, ನೋವಿನ ಕಾಲಿನ ಹಿಮ್ಮಡಿಯನ್ನು ಮೆಲ್ಲನೆ ಮೆಟ್ಟಿಲಿನ ಕೆಳಗೆ ಇಳಿಸುವುದು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಬಾಗಿಸಿ 15ರಂತೆ ಮೂರು ಸಲ. ದಿನಕ್ಕೆ ಎರಡು ಹೊತ್ತು. ಅಂದರೆ ದಿನವೊಂದಕ್ಕೆ 180. ಹಗುರವೆನಿಸಿದಂತೆ ಬೆನ್ನಿಗೆ ಭಾರದ ಚೀಲ. ಹೆಚ್ಚು ಭಾರವನ್ನು ನಿಧಾನವಾಗಿ ಎತ್ತಿ ಇಳಿಸುವ, ವಾರಕ್ಕೆ ಮೂರೇ ದಿನದ ಕ್ರಮವೂ ಅಷ್ಟೇ ಫಲ ನೀಡಿತೆಂದು 2015ರಲ್ಲಿ ಡೆನ್ಮಾರ್ಕಿನಿಂದ ವರದಿ ಬಂದಿತು. ಎಂದ ಮೇಲೆ ಗುಣವಿರುವುದು ಮೆಟ್ಟಿಲಿನಲ್ಲಲ್ಲ. ಕ್ರಮವಾಗಿ ಏರುವ ಭಾರದಲ್ಲಿ. ಪೂರ್ಣ ವಿಶ್ರಾಂತಿಯಲ್ಲಿ ನೋವು ತಗ್ಗುತ್ತದೆ, ಹುರಿ ಮಾತ್ರ ಇನ್ನಷ್ಟು ಸಡಿಲಾಗಿ ಕಾಯುತ್ತಿರುತ್ತದೆ.

ಸೂಜಿಯ ವಿಷಯಕ್ಕೆ ಬರೋಣ. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಮೊಣಕೈ ಹುರಿಯ ನೋವುಳ್ಳ 165 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2013ರಲ್ಲಿ ಪ್ರಕಟವಾಯಿತು. ಸಚಿನ್ ತೆಂಡೂಲ್ಕರ್ ಅವರನ್ನು 2004ರಲ್ಲಿ ಕಾಡಿದ ಟೆನಿಸ್ ಎಲ್ಬೋ ಎಂಬ ಬೇನೆಯೇ ಇದು. ಸ್ಟೀರಾಯ್ಡ್ ಸೂಜಿ ಹಾಕಿಸಿಕೊಂಡವರಿಗೆ ಮೊದಲ ವಾರಗಳಲ್ಲಿ ಹಿತವೆನಿಸಿತು. ಆದರೆ ವರ್ಷದೊಳಗೆ ಅವರಲ್ಲಿ ಶೇ. 54 ಮಂದಿಗೆ ನೋವು ಮರುಕಳಿಸಿತು. ಬರಿಯ ಉಪ್ಪುನೀರಿನ ಸೂಜಿ ಪಡೆದವರಲ್ಲಿ ಮರುಕಳಿಸಿದ್ದು ಶೇ. 12 ಮಂದಿಗೆ ಮಾತ್ರ. ಭಾರ ಹೊರುವ ಹಿಮ್ಮಡಿಯಲ್ಲಿಯಂತೂ ನೋವು ಸುಮ್ಮನಾದ ಮೇಲೆ ಓಡಿದರೆ ಹುರಿ ಹರಿಯುವ ಭಯವಿರುವುದರಿಂದ, ಎಚ್ಚರವುಳ್ಳ ವೈದ್ಯರು ಅಲ್ಲಿಗೆ ಸೂಜಿ ಹಾಕಲು ಹಿಂಜರಿಯುತ್ತಾರೆ. ಚೀನದ ಲಿಯು ಶಿಯಾಂಗ್ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ 110 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದವರು. 2008ರಲ್ಲಿ ತಮ್ಮ ದೇಶದ ಬೀಜಿಂಗಿನಲ್ಲಿಯೇ ಹಿಮ್ಮಡಿಯ ನೋವಿನಿಂದ ಓಡಲಾಗದೆ ಹಿಂದಿರುಗಿದರು. 2012ರಲ್ಲಿ ಲಂಡನ್ನಿನ ಮೊದಲ ತಡೆಯಲ್ಲೇ ಎಡವಿ ಬಿದ್ದರು, ಹುರಿ ಹರಿದಿತ್ತು. ಒಂಟಿಕಾಲಿನಲ್ಲಿ ಕುಂಟುತ್ತ ಕೊನೆಯ ತಡೆಯವರೆಗೆ ಹೋಗಿ, ಅದನ್ನು ಮುತ್ತಿಟ್ಟು ಹೊರನಡೆದರು.

ಓಡದ ಹಿರಿಯರಿಗೂ ಒಂದು ಮಾತು. ಜ್ವರ, ಭೇದಿ, ಮೂತ್ರದ ಉರಿಗೆಂದು ಔಷಧದಂಗಡಿಯಿಂದ ಕೇಳಿ ತರುವ ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಮಾತ್ರೆಗಳಿಂದಲೂ ಹುರಿ ಊದಬಹುದು, ಹರಿಯಬಹುದು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2008ರಲ್ಲಿಯೇ ಇದಕ್ಕೆ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಹಾಕಿಸಿತು. ಅರವತ್ತು ಮೀರಿದವರಿಗೂ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೂ ಅಪಾಯ ಹೆಚ್ಚು. ವೈದ್ಯರು ಬರೆದುಕೊಟ್ಟರೆ ತೆಗೆದುಕೊಳ್ಳಿರಿ. ಹಿಮ್ಮಡಿ ನೋಯತೊಡಗಿದರೆ ಅಂದೇ ಅವರಿಗೆ ತಿಳಿಸಿರಿ. ಸಕ್ಕರೆ ಕಾಯಿಲೆಯೂ ಹುರಿಯನ್ನು ಕೆಡಿಸುತ್ತದೆ.

ಹುಡುಗ ಸೂಜಿ ಹಾಕಿಸಿಕೊಳ್ಳಲಿಲ್ಲ. ಆ ಸಲದ ಓಟ ತಪ್ಪಿತು. ಮುಂದಿನ ನೇಮಕಾತಿ ಎಂದೋ ತಿಳಿಯದ ತಂದೆಗೆ ಸಂಕಟವಾಯಿತು. ನಮ್ಮ ಮೇಲೆ ಸ್ವಲ್ಪ ಅಸಮಾಧಾನವೂ ಆಗಿರಬೇಕು, ಎರಡು ತಿಂಗಳು ಅವರು ಈ ಕಡೆ ಸುಳಿಯಲಿಲ್ಲ. ಮೊನ್ನೆ ತಾಯಿ ಬಂದಿದ್ದರು. ಮನೆಯ ಕಟ್ಟೆಯ ಅಂಚಿನಲ್ಲಿ ಹುಡುಗ ಎರಡು ಹೊತ್ತು ನಿಲ್ಲುತ್ತಾನಂತೆ. ಬೆನ್ನಿಗೆ ಶಾಲೆಯ ಹಳೆಯ ಚೀಲ, ಅದರೊಳಗೆ ಐದು ಕಿಲೋ ಜೋಳ. ಬೆಳಗಿನ ಬಿಗಿತ ಹೋಗಿದೆ. ಒಂದು ದಿನ ಬಿಟ್ಟು ಒಂದು ದಿನ ಹೊಲದ ಮಣ್ಣುದಾರಿಯಲ್ಲಿ ಅರ್ಧ ಮೈಲಿ ಓಡಲು ವೈದ್ಯರು ಒಪ್ಪಿಗೆ ಕೊಟ್ಟಿದ್ದಾರೆ. "ದಿನಾ ಓಡ್ತೀನಿ ಅಂತಾನ್ರೀ, ನೀವರ ಹೇಳ್ರಿ" ಎಂದು ಆಕೆ ಕೇಳಿಕೊಂಡರು. ಹೇಳಿ ಕಳುಹಿಸಿದ್ದೇವೆ.