ಬ್ರೌಸರ್‌ನ ಮೆಮೊರಿ ದೋಷ

ವೆಬ್ ಬ್ರೌಸರ್‌ಗಳ ಗಂಭೀರ ಭದ್ರತಾ ದೋಷಗಳಲ್ಲಿ ಹೆಚ್ಚಿನವು ಮೆಮೊರಿ ಬಳಕೆಗೆ ಸಂಬಂಧಿಸಿದವು. ಕ್ರೋಮ್‌ನಲ್ಲಿ ಇವುಗಳ ಪ್ರಮಾಣ ಸುಮಾರು ಶೇ 70 ಎಂದು ಕ್ರೋಮಿಯಂ ತಂಡವೇ 2020ರಲ್ಲಿ ತಿಳಿಸಿತ್ತು. ಬ್ರೌಸರ್‌ಗಳ ಬಹುಭಾಗ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ. ಅಲ್ಲಿ ಮೆಮೊರಿ ಪಡೆಯುವುದು, ಬಿಟ್ಟುಕೊಡುವುದು ಬಹುಮಟ್ಟಿಗೆ ಕೋಡ್ ಬರೆಯುವವರ ಹೊಣೆ. ಬಿಟ್ಟುಕೊಟ್ಟ ಜಾಗವನ್ನು ಪ್ರೋಗ್ರಾಂ ಮತ್ತೆ ಬಳಸುವ ಹೊತ್ತಿಗೆ ದಾಳಿಕೋರ ಅಲ್ಲಿ ತನ್ನ ದತ್ತಾಂಶ ತುಂಬಿಟ್ಟಿದ್ದರೆ, ಬ್ರೌಸರ್ ಅವನ ಹಿಡಿತಕ್ಕೆ ಸಿಗಬಹುದು. ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ, ಒಂದು ಪುಟ ತೆರೆದರೂ ಸಾಕು.

ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರಿನಂಥ ಊರಿಗೂ ಇದು ದೂರದ ಮಾತಲ್ಲ. ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿ ಎಲ್ಲವೂ ಈಗ ಬ್ರೌಸರ್ ಮೂಲಕವೇ ಸಾಗುತ್ತವೆ. ಅರ್ಜಿ ತುಂಬುವ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಅಪಾಯ ಹೆಚ್ಚು. 2023ರ ಆರಂಭದಲ್ಲಿ ಬಂದ ಕ್ರೋಮ್ 110 ಅದರಲ್ಲಿ ನಡೆಯುವುದಿಲ್ಲ; ನಂತರದ ಆವೃತ್ತಿಗಳ ದುರಸ್ತಿಯೂ ಅದಕ್ಕೆ ದಕ್ಕದು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸೆರ್ಟ್-ಇನ್ ಇಂಥ ದೋಷಗಳ ಬಗ್ಗೆ ಎಚ್ಚರಿಕೆ ಹೊರಡಿಸುತ್ತಲೇ ಇರುತ್ತದೆ. ಆ ಎಚ್ಚರಿಕೆ ಕನ್ನಡದಲ್ಲಿ, ಹಳ್ಳಿಯ ಸೇವಾ ಕೇಂದ್ರದ ಮೇಜಿನವರೆಗೂ ತಲುಪಲೇಬೇಕು.

ಮೂಲದ ಪರಿಹಾರ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇದೆ. ಫೈರ್‌ಫಾಕ್ಸ್ ಬ್ರೌಸರ್ ರೂಪಿಸುವ ಮೊಜಿಲ್ಲಾದಲ್ಲಿ ಬೆಳೆದ ರಸ್ಟ್ ಭಾಷೆ ಇಂಥ ಬಹುತೇಕ ತಪ್ಪುಗಳನ್ನು ಕೋಡ್ ಯಂತ್ರಭಾಷೆಗೆ ಬದಲಾಗುವ ಕಂಪೈಲ್ ಹಂತದಲ್ಲೇ ತಡೆಯುತ್ತದೆ. ಪುಟದ ವಿನ್ಯಾಸ ನೋಡಿಕೊಳ್ಳುವ ಫೈರ್‌ಫಾಕ್ಸ್‌ನ ಸಿಎಸ್‌ಎಸ್ ಎಂಜಿನ್ 2017ರಲ್ಲೇ ರಸ್ಟ್‌ಗೆ ಬದಲಾಯಿತು. ಉಳಿದ ಲಕ್ಷಾಂತರ ಸಾಲುಗಳ ಹಳೆಯ ಕೋಡ್ ಬದಲಾಗಲು ವರ್ಷಗಳೇ ಬೇಕು.