ಕಂಡದ್ದನ್ನೆಲ್ಲ ರಿಪೋರ್ಟಿನಲ್ಲಿ ಬರೆಯಬೇಕೇ?

ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ, ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ 2006ರಲ್ಲಿ. ಈ ಊರಿನ ಬಾಪೂಜಿ ಆಸ್ಪತ್ರೆಗೆ, ಚಿಗಟೇರಿ ಜಿಲ್ಲಾಸ್ಪತ್ರೆಗೆ 14 ಕಿಲೋಮೀಟರ್ ದೂರದ ಹರಿಹರದವರಷ್ಟೇ ಅಲ್ಲ, ಜಗಳೂರು, ಹೊನ್ನಾಳಿ, ಹರಪನಹಳ್ಳಿ, ರಾಣೆಬೆನ್ನೂರು ಕಡೆಯವರೂ ಬರುತ್ತಾರೆ. ಬರುವುದು ಹೊಟ್ಟೆನೋವಿಗೋ ಸೊಂಟನೋವಿಗೋ. ಸ್ಕ್ಯಾನಿಂಗ್ ಮಾಡಿಸಿದರೆ ಮೂತ್ರಪಿಂಡದ ಕಲ್ಲಿನ ಜೊತೆಗೆ ಲಿವರ್‌ನಲ್ಲಿ ಒಂದು ನೀರುಗುಳ್ಳೆ, ಅಡ್ರಿನಲ್ ಗ್ರಂಥಿಯಲ್ಲಿ ಒಂದು ಸಣ್ಣ ಗಂಟು ಕೂಡ ಕಾಣುತ್ತದೆ. ಹುಡುಕದೆ ಸಿಕ್ಕ ಇಂಥವನ್ನು ರೇಡಿಯಾಲಜಿಸ್ಟ್ ಬರೆಯಲೇಬೇಕೇ? ಬರೆದದ್ದರ ಬೆನ್ನು ಹತ್ತಿ ರೋಗಿ ಮತ್ತೆ ಮತ್ತೆ ಪರೀಕ್ಷೆ ಮಾಡಿಸಬೇಕೇ?

ಬರೆಯಬೇಕು ಎನ್ನುವವರ ಮಾತು ಹಗುರವಲ್ಲ. ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನ್‌ನಲ್ಲೇ ಪತ್ತೆಯಾಗುತ್ತವೆ. ಮೂತ್ರದಲ್ಲಿ ರಕ್ತ ಕಾಣುವವರೆಗೆ ಕಾದರೆ ಗೆಡ್ಡೆ ಬಹಳ ದೂರ ಹೋಗಿರಬಹುದು. ಸಣ್ಣದಿರುವಾಗಲೇ ಸಿಕ್ಕರೆ ಆ ಭಾಗವನ್ನಷ್ಟೇ ತೆಗೆದು ಮೂತ್ರಪಿಂಡ ಉಳಿಸಬಹುದು. ಅಡ್ರಿನಲ್ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿ, ನಿಜ. ಆದರೆ ರಕ್ತದೊತ್ತಡವನ್ನು ಒಮ್ಮೆಲೇ ಏರಿಸುವ ಹಾರ್ಮೋನು ಸುರಿಸುವ ಜಾತಿಯದೂ ಒಂದಿದೆ. ಅದು ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ.

ನಮ್ಮ ಜಿಲ್ಲೆಗೇ ಸಂಬಂಧಪಟ್ಟ ಇನ್ನೊಂದು ಉದಾಹರಣೆ ಫ್ಲೋರೋಸಿಸ್. ಜಗಳೂರು ಸೀಮೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಹಳೆಯ ಸಂಕಟ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸಾಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದವರ ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಗಟ್ಟಿಯಾಗಿರುತ್ತದೆ. 1937ರಲ್ಲಿ ನೆಲ್ಲೂರು ಸೀಮೆಯ ಜನರಲ್ಲಿ ಗುರುತಿಸಿ ದಾಖಲಿಸಿದ ಚಿತ್ರವೇ ಇದು. ಬಿದ್ದು ಪೆಟ್ಟಾಯಿತೆಂದು ಎಕ್ಸ್‌ರೇ ತೆಗೆಸಿದವರಲ್ಲಿ ಇದು ಕಂಡಾಗ, "ಮೂಳೆ ಮುರಿದಿಲ್ಲ" ಎಂದಷ್ಟೇ ಬರೆದು ಮುಗಿಸಿದರೆ ಆಗುವ ನಷ್ಟ ಒಬ್ಬರದಲ್ಲ. ಅದೇ ಬಾವಿಯ ನೀರು ಕುಡಿಯುವ ಮಕ್ಕಳು ಮನೆಯಲ್ಲಿದ್ದಾರೆ. ಇಂಥ ಕಡೆ ಬರೆಯದಿರುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಇನ್ನೊಂದು ಕಡೆಯ ವಾದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಆರಂಭಿಸಿದಾಗ ಆಸ್ಪತ್ರೆಗಳು ಸ್ವಲ್ಪ ಹೆಚ್ಚಿನ ದುಡ್ಡಿಗೆ ಥೈರಾಯ್ಡ್ ಅಲ್ಟ್ರಾಸೌಂಡನ್ನೂ ಸೇರಿಸಿಕೊಟ್ಟವು. 2011ರ ಹೊತ್ತಿಗೆ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರದಕ್ಕಿಂತ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಕದಲಲಿಲ್ಲ. ಅಂದರೆ ಸಿಕ್ಕಿದ್ದರಲ್ಲಿ ಬಹುಪಾಲು ಯಾರನ್ನೂ ಕೊಲ್ಲದ ಗಂಟುಗಳು. ಆದರೂ ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಬದುಕಿಡೀ ಮಾತ್ರೆ ನುಂಗುವಂತಾಯಿತು. ಕೆಲವರ ಧ್ವನಿಯ ನರವೇ ಹೋಯಿತು. ನಮ್ಮಲ್ಲೂ ಆರೋಗ್ಯವಂತರಿಗೆಂದು ತಲೆಯಿಂದ ಕಾಲಿನವರೆಗಿನ ಪ್ಯಾಕೇಜುಗಳ ಜಾಹೀರಾತು ಬರುತ್ತಿರುವಾಗ ಈ ಕಥೆ ದೂರದ್ದಲ್ಲ.

ಬೆನ್ನಿನ ಎಂ.ಆರ್.ಐ. ವಿಷಯವೂ ಹೀಗೆಯೇ. ಯಾವ ನೋವೂ ಇಲ್ಲದ 20 ವರ್ಷದವರಲ್ಲೇ 100ಕ್ಕೆ 30 ಜನರ ಡಿಸ್ಕ್ ಉಬ್ಬಿರುತ್ತದೆ, 80ರ ವಯಸ್ಸಿನಲ್ಲಿ ಅದು 84 ಜನರಿಗೆ ಏರುತ್ತದೆ. ಮೂಟೆ ಹೊರುವ ಹಮಾಲರೊಬ್ಬರ ಕೈಗೆ "ಡಿಸ್ಕ್ ಬಲ್ಜ್" ಎಂದು ಬರೆದು ಕೊಟ್ಟರೆ, ಅವರು ಬೆನ್ನು ಬಗ್ಗಿಸುವುದಕ್ಕೇ ಹೆದರಬಹುದು.

ವೆಲ್ಲೂರಿನ ಪಾಠ ಎರಡೂ ಕಡೆಗೆ ಸಲ್ಲುತ್ತದೆ. ಭಾರತಕ್ಕೆ ಸಿ.ಟಿ. ಯಂತ್ರ ಬಂದ ಹೊಸದರಲ್ಲಿ ಫಿಟ್ಸ್ ಬಂದವರ ಮೆದುಳಿನಲ್ಲಿ ಉಂಗುರದಂತೆ ಹೊಳೆಯುವ ಸಣ್ಣ ಗಂಟೊಂದು ಕಾಣತೊಡಗಿತು. ಕ್ಷಯದ ಗಂಟೆಂದು ಭಾವಿಸಿ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಟಿ.ಬಿ. ಔಷಧ ಕೊಟ್ಟರು. ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಹೋದ್ಯೋಗಿಗಳು ಅಂಥ ಗಂಟುಗಳನ್ನು ತೆಗೆದು ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಲಾಡಿಹುಳುವಿನ ಮರಿ ಸಾಯುವಾಗ ಎದ್ದ ಉರಿಯೂತವೆಂದು 1989ರಲ್ಲಿ ತೋರಿಸಿದರು. ಫಿಟ್ಸ್ ಮಾತ್ರೆ ಕೊಟ್ಟು ಕಾದರೆ ಅನೇಕ ಗಂಟುಗಳು ತಿಂಗಳುಗಳಲ್ಲಿ ತಾವಾಗಿಯೇ ಕರಗುತ್ತಿದ್ದವು. ಕಂಡದ್ದನ್ನು ಮುಚ್ಚಿಟ್ಟಿದ್ದರೆ ಈ ತಿಳಿವಳಿಕೆ ಬರುತ್ತಿರಲಿಲ್ಲ. ಕಂಡ ಕೂಡಲೇ ಮೇಲೆ ಬಿದ್ದದ್ದರಿಂದ ಬೇಡದ ಔಷಧ ತಿಂದವರೂ ಬಹಳ.

ಹೊರಗಿನ ನಿಯಮಗಳನ್ನು ಹಾಗೇ ತಂದಿಡುವುದೂ ಆಗದು. 2021ರ ಕೋವಿಡ್ ಅಲೆಯಲ್ಲಿ ಎದೆಯ ಸಿ.ಟಿ. ಎಷ್ಟು ಹೆಚ್ಚಿತೆಂದರೆ ರಾಜ್ಯ ಸರ್ಕಾರವೇ ಅದರ ದರಕ್ಕೆ ಮಿತಿ ಹಾಕಿತು. ಅನಗತ್ಯ ಸ್ಕ್ಯಾನ್ ಬೇಡವೆಂದು ಏಮ್ಸ್ ನಿರ್ದೇಶಕ ರಣದೀಪ್ ಗುಲೇರಿಯಾ ಎಚ್ಚರಿಸಿದರು. ಎದೆ ಹೀಗೆ ಸ್ಕ್ಯಾನ್ ಆದಾಗ ಕೋವಿಡ್‌ಗೆ ಸಂಬಂಧವಿಲ್ಲದ ಚುಕ್ಕೆಗಳೂ ಸಿಗುತ್ತವೆ. ಪಾಶ್ಚಾತ್ಯ ವೈದ್ಯರಿಗೆ ಅಲ್ಲಿ ಮೊದಲು ನೆನಪಾಗುವುದು ಕ್ಯಾನ್ಸರ್. ನಮ್ಮಲ್ಲಿ ಅದು ಎಂದೋ ಬಂದು ವಾಸಿಯಾದ ಕ್ಷಯದ ಕಲೆಯಾಗಿರುವ ಸಾಧ್ಯತೆಯೇ ಹೆಚ್ಚು. ಹಳೆಯ ಫಿಲ್ಮ್ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ: ಎರಡು ವರ್ಷ ಬದಲಾಗದೆ ಇರುವ ಗಟ್ಟಿ ಚುಕ್ಕೆ ಸಾಮಾನ್ಯವಾಗಿ ಅಪಾಯಕಾರಿಯಲ್ಲ.

ಆರೋಗ್ಯವಾಗಿರುವವರು ಸುಮ್ಮನೆ ಹುಡುಕಿಸಲು ಹೋಗಬಾರದು ಎಂಬಲ್ಲಿ ನಾನು ಎರಡನೆಯ ಪಕ್ಷದ ಪರ. ಆದರೆ ಒಮ್ಮೆ ಕಂಡದ್ದನ್ನು ಬಿಡಬಾರದು ಎಂಬಲ್ಲಿ ಮೊದಲನೆಯವರ ಪರ. ಬರೆಯಬೇಕು, ಅದರ ತೂಕವನ್ನೂ ಬರೆಯಬೇಕು. ಎಷ್ಟು ಮಿಲಿಮೀಟರ್, ಇಂಥದು ಸಾಮಾನ್ಯವೋ ಅಪರೂಪವೋ, ಮುಂದೆ ಏನೂ ಬೇಡವೋ ಆರು ತಿಂಗಳಿಗೆ ಮತ್ತೆ ನೋಡಬೇಕೋ ಎಂಬ ಎರಡು ಸಾಲು ಸಾಕು. ಕಷ್ಟವಿದೆ. ವೈದ್ಯರ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಬಿಟ್ಟು ಸಿಕ್ಕಿಬೀಳುವುದಕ್ಕಿಂತ ಎಲ್ಲವನ್ನೂ ಬರೆದು "ಕ್ಲಿನಿಕಲ್ ಆಗಿ ಹೊಂದಿಸಿ ನೋಡಿ" ಎಂದು ಮುಗಿಸುವುದೇ ರೇಡಿಯಾಲಜಿಸ್ಟ್‌ಗೆ ಕ್ಷೇಮ. ಆ ಭಯವನ್ನು ತಪ್ಪೆನ್ನಲಾರೆ.

ಎಲ್ಲಕ್ಕಿಂತ ಕಠಿಣವಾದದ್ದು ಗರ್ಭಿಣಿಯ ಐದನೇ ತಿಂಗಳ ಸ್ಕ್ಯಾನ್. ಮಗುವಿನ ಹೃದಯದಲ್ಲಿ ಬಿಳಿ ಚುಕ್ಕೆಯೊಂದು ಕಾಣುತ್ತದೆ. ಆರೋಗ್ಯವಂತ ಶಿಶುಗಳಲ್ಲೂ ಕಾಣುವಂಥದು ಅದು, ಏಷ್ಯಾದವರಲ್ಲಿ ಇನ್ನೂ ಹೆಚ್ಚು. ಆದರೂ ಕೆಲವೊಮ್ಮೆ ವರ್ಣತಂತುವಿನ ದೋಷದ ಜೊತೆ ಬರುತ್ತದೆಂಬ ಕಾರಣಕ್ಕೆ ಬರೆಯಬೇಕಾಗುತ್ತದೆ. 2021ರ ತಿದ್ದುಪಡಿಯ ಪ್ರಕಾರ 24 ವಾರ ದಾಟಿದರೆ ಗರ್ಭಪಾತಕ್ಕೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು, ಅದೂ ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ಮಾತ್ರ. ಹಾಗಾಗಿ ತಡಮಾಡುವಂತಿಲ್ಲ, ಗಾಬರಿಯಲ್ಲಿ ತೀರ್ಮಾನಿಸುವಂತೆಯೂ ಇಲ್ಲ. ಉಳಿದ ಅಂಗಗಳೆಲ್ಲ ಸರಿಯಿದ್ದು, ರಕ್ತಪರೀಕ್ಷೆಯಲ್ಲೂ ಅಪಾಯ ಕಾಣದಿದ್ದರೆ ಆ ಚುಕ್ಕೆಯಿಂದ ಮಗುವಿನ ಹೃದಯಕ್ಕೆ ತೊಂದರೆಯಿಲ್ಲ ಎಂಬ ಮಾತನ್ನು ತಾಯಿ ಸ್ಕ್ಯಾನಿಂಗ್ ಕೋಣೆಯಿಂದ ಹೊರಬರುವ ಮೊದಲೇ ಕನ್ನಡದಲ್ಲಿ ಹೇಳಬೇಕು. ಮುಂದಿನ ವಾರದ ಓ.ಪಿ.ಡಿ.ಗೆ ಬಿಡುವಂಥ ಮಾತಲ್ಲ ಅದು.